ಟೆರಿಯರ್ ಶ್ವಾನಗಳ ಮೌಲ್ಯನಿರ್ಣಯ: ತೀರ್ಪುಗಾರನ ಕೈ ಹುಡುಕುವುದೇನನ್ನು?

ಸರಕಿನ ಗುಣವನ್ನು ಪರೀಕ್ಷಿಸಿ ಬೆಲೆ ಕಟ್ಟುವ ವಿದ್ಯೆ ವರ್ತಕ ಸಮುದಾಯಕ್ಕೆ ಹೊಸದಲ್ಲ. ಧಾನ್ಯದ ವ್ಯಾಪಾರಿ ಚೀಲದ ಕಾಳನ್ನು ಅಂಗೈಯಲ್ಲಿ ಹರಡಿ ನೋಡುತ್ತಾನೆ. ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಖರೀದಿದಾರನು ಗೂಡನ್ನು ಬೆರಳುಗಳ ನಡುವೆ ಒತ್ತಿ ಅದರ ಬಿಗಿಯನ್ನು ಅರಿಯುತ್ತಾನೆ. ಚಿನಿವಾರನು ಚಿನ್ನವನ್ನು ಒರೆಗಲ್ಲಿಗೆ ಹಚ್ಚುತ್ತಾನೆ. ಇದೇ ಬಗೆಯ ಪರೀಕ್ಷೆಯನ್ನು ಜೀವಂತ ಪ್ರಾಣಿಗೆ ಅನ್ವಯಿಸುವ ವ್ಯವಸ್ಥೆಯೊಂದು ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲದಿಂದ ನಡೆದುಬಂದಿದೆ. ಅದೇ ಶುದ್ಧ ತಳಿಯ ಶ್ವಾನಗಳ ಪ್ರದರ್ಶನ.

ಹೊರಗಿನಿಂದ ನೋಡುವವರಿಗೆ ಇದು ನಾಯಿಗಳ ಸೌಂದರ್ಯ ಸ್ಪರ್ಧೆಯಂತೆ ಕಾಣುತ್ತದೆ. ವಾಸ್ತವದಲ್ಲಿ ತೀರ್ಪುಗಾರನು ಒಂದು ನಾಯಿಯನ್ನು ಇನ್ನೊಂದರೊಡನೆ ಹೋಲಿಸುವುದಕ್ಕಿಂತ ಮೊದಲು ಪ್ರತಿಯೊಂದನ್ನೂ ಲಿಖಿತ ಮಾನದಂಡವೊಂದಕ್ಕೆ ಹೋಲಿಸುತ್ತಾನೆ. ಆ ಮಾನದಂಡದ ಬಹುತೇಕ ಸಾಲುಗಳ ಹಿಂದೆ ಆ ನಾಯಿ ಒಂದಾನೊಂದು ಕಾಲದಲ್ಲಿ ಮಾಡುತ್ತಿದ್ದ ಕೆಲಸವಿರುತ್ತದೆ. ಟೆರಿಯರ್ ವರ್ಗದ ನಾಯಿಗಳಲ್ಲಿ ಈ ಸಂಬಂಧ ಅತ್ಯಂತ ಸ್ಪಷ್ಟವಾಗಿ ಕಾಣಸಿಗುತ್ತದೆ. ಆದುದರಿಂದ ಅವುಗಳ ಮೌಲ್ಯನಿರ್ಣಯದ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ. ಗುಣಮಟ್ಟದ ಮಾನಕಗಳೊಡನೆ ದಿನನಿತ್ಯ ವ್ಯವಹರಿಸುವ ನಮ್ಮ ಉತ್ಪಾದಕರಿಗೆ ಇದರಲ್ಲಿ ಪರಿಚಿತವೆನಿಸುವ ಅಂಶಗಳು ಅನೇಕವಿವೆ.

ಪ್ರದರ್ಶನದ ಹಿಂದಿನ ವ್ಯಾಪಾರ

1859ರ ಜೂನ್ ತಿಂಗಳಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ಅಪಾನ್ ಟೈನ್ ನಗರದಲ್ಲಿ ನಡೆದ ಪ್ರದರ್ಶನವನ್ನು ಆಧುನಿಕ ಶ್ವಾನ ಪ್ರದರ್ಶನಗಳಲ್ಲಿ ಮೊದಲನೆಯದೆಂದು ಸಾಮಾನ್ಯವಾಗಿ ಪರಿಗಣಿಸಲಾಗುತ್ತದೆ. ಅದರಲ್ಲಿ ಪಾಯಿಂಟರ್ ಮತ್ತು ಸೆಟರ್ ಎಂಬ ಎರಡು ಬಗೆಯ ಬೇಟೆನಾಯಿಗಳಿಗೆ ಮಾತ್ರ ಪ್ರವೇಶವಿತ್ತು. ಗೆದ್ದವರಿಗೆ ಬಂದೂಕುಗಳೇ ಬಹುಮಾನ. ಪಾಯಿಂಟರ್ ವಿಭಾಗದ ತೀರ್ಪುಗಾರರಲ್ಲೊಬ್ಬರ ನಾಯಿ ಸೆಟರ್ ವಿಭಾಗದಲ್ಲಿಯೂ, ಸೆಟರ್ ವಿಭಾಗದ ತೀರ್ಪುಗಾರರಲ್ಲೊಬ್ಬರ ನಾಯಿ ಪಾಯಿಂಟರ್ ವಿಭಾಗದಲ್ಲಿಯೂ ಬಹುಮಾನ ಪಡೆದವು! ಪರೀಕ್ಷಕನಿಗೂ ಪರೀಕ್ಷೆಗೆ ಒಳಗಾಗುವವನಿಗೂ ನಡುವೆ ಅಂತರವಿರಬೇಕೆಂಬ ನಿಯಮ ಆಗಿನ್ನೂ ರೂಪುಗೊಂಡಿರಲಿಲ್ಲ.

1873ರಲ್ಲಿ ಲಂಡನ್ನಿನಲ್ಲಿ ಕೆನಲ್ ಕ್ಲಬ್ ಸ್ಥಾಪನೆಯಾದ ನಂತರ ವಂಶಾವಳಿಯ ನೋಂದಣಿ, ಪ್ರದರ್ಶನದ ನಿಯಮ ಮತ್ತು ತಳಿಗಳ ಮಾನದಂಡ ಕ್ರಮೇಣ ಒಂದು ಸೂರಿನಡಿ ಬಂದವು. ಪ್ರದರ್ಶನವನ್ನು ಜನಪ್ರಿಯ ಉದ್ಯಮವನ್ನಾಗಿ ಬೆಳೆಸಿದ ಶ್ರೇಯಸ್ಸು ಚಾರ್ಲ್ಸ್ ಕ್ರಫ್ಟ್ ಎಂಬ ವ್ಯವಹಾರಚತುರನಿಗೆ ಸಲ್ಲುತ್ತದೆ. ಈತನು ಸ್ಪ್ರಾಟ್ ಕಂಪನಿಯಲ್ಲಿದ್ದುಕೊಂಡು ನಾಯಿಗಳ ಬಿಸ್ಕತ್ತು ಮಾರುತ್ತಿದ್ದವನು. 1886ರಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಪ್ರದೇಶದಲ್ಲಿ ನಡೆದ ಟೆರಿಯರ್ ಪ್ರದರ್ಶನವೊಂದರ ನಿರ್ವಹಣೆಯನ್ನು ಈತನು ವಹಿಸಿಕೊಂಡನು; 1891ರಲ್ಲಿ ತನ್ನ ಹೆಸರಿನಲ್ಲಿಯೇ ಪ್ರದರ್ಶನ ಆರಂಭಿಸಿದನು. ಕ್ರಫ್ಟ್ 1938ರಲ್ಲಿ ನಿಧನನಾದ ಬಳಿಕ ಅದು ಕೆನಲ್ ಕ್ಲಬ್ಬಿನ ಕೈಸೇರಿತು. 1948ರಲ್ಲಿ ಕ್ಲಬ್ಬಿನ ಆಶ್ರಯದ ಮೊದಲ ಪ್ರದರ್ಶನ ನಡೆಯಿತು. 1991ರಿಂದ ಬರ್ಮಿಂಗ್‌ಹ್ಯಾಮ್ ನಗರ ಅದರ ನೆಲೆಯಾಗಿದೆ. ಹೀಗೆ ಇಂದಿನ ಜಗತ್ಪ್ರಸಿದ್ಧ ಕ್ರಫ್ಟ್ಸ್ ಪ್ರದರ್ಶನದ ಬೇರು ಬಿಸ್ಕತ್ತು ವ್ಯಾಪಾರಿಯೊಬ್ಬನ ದೂರದೃಷ್ಟಿಯಲ್ಲಿಯೂ ಟೆರಿಯರ್ ನಾಯಿಗಳ ಜನಪ್ರಿಯತೆಯಲ್ಲಿಯೂ ಇದೆ.

ಟೆರಿಯರ್: ಬಿಲಕ್ಕೆ ಇಳಿಯುವ ನಾಯಿ

ಟೆರಿಯರ್ ಎಂಬ ಹೆಸರು ನೆಲ ಎಂಬ ಅರ್ಥದ ಲ್ಯಾಟಿನ್ ಮೂಲದಿಂದ ಬಂದಿದೆ. ಬ್ರಿಟನ್ನಿನ ಹಳ್ಳಿಗಾಡಿನಲ್ಲಿ ನರಿ, ಬ್ಯಾಡ್ಜರ್, ನೀರುನಾಯಿ, ಇಲಿ, ಹೆಗ್ಗಣಗಳ ಬೆನ್ನಟ್ಟಿ ನೆಲದೊಳಗಿನ ಬಿಲಕ್ಕೆ ನುಗ್ಗುವುದು ಈ ನಾಯಿಗಳ ಕಸುಬಾಗಿತ್ತು. ಕುದುರೆಯೇರಿದ ಬೇಟೆಗಾರರ ಮುಂದೆ ಹೌಂಡ್ ನಾಯಿಗಳ ಹಿಂಡು ನರಿಯನ್ನು ಅಟ್ಟಿಕೊಂಡು ಹೋಗುವಾಗ ನರಿ ಬಿಲ ಸೇರಿಬಿಡುತ್ತಿತ್ತು. ದೊಡ್ಡ ಹೌಂಡ್‌ಗಳು ಅಲ್ಲಿ ನಿರುಪಾಯವಾಗಿ ನಿಲ್ಲುತ್ತಿದ್ದವು. ಆಗ ಟೆರಿಯರ್ ಒಳಗಿಳಿಯಬೇಕು. ಕತ್ತಲೆಯಲ್ಲಿ ನರಿಗೆ ಎದುರಾಗಿ ನಿಂತು ಬೊಗಳಬೇಕು. ಅದನ್ನು ಹೊರಗೆ ಹೊರಡಿಸಬೇಕು ಇಲ್ಲವೇ ಅದು ಎಲ್ಲಿದೆಯೆಂದು ಮೇಲಿದ್ದವರಿಗೆ ತಿಳಿಸಬೇಕು. ಸಹಾಯಕ್ಕೆ ಯಾರೂ ಇಲ್ಲದ ಜಾಗದಲ್ಲಿ ನಾಯಿ ತನ್ನ ಬುದ್ಧಿಯಿಂದಲೇ ವರ್ತಿಸಬೇಕಾಗಿತ್ತು.

ಈ ಒಂದು ಕೆಲಸದಿಂದ ಹಲವು ದೈಹಿಕ ಅಗತ್ಯಗಳು ಹುಟ್ಟಿದವು. ಬಿಲ ಕಿರಿದಾದುದರಿಂದ ಎದೆಗೂಡು ಕಿರಿದಾಗಿರಬೇಕು. ಬಿಲದವರೆಗೆ ಕುದುರೆಗಳ ಜೊತೆ ಓಡಬೇಕಾದ ನಾಯಿಗೆ ತಕ್ಕಷ್ಟು ಉದ್ದದ ಕಾಲು ಬೇಕು. ಮುಳ್ಳುಪೊದೆ, ಮಳೆ, ಕೆಸರುಗಳಿಂದ ರಕ್ಷಿಸಲು ಒರಟಾದ ಹೊರಗೂದಲೂ ಅದರಡಿಯಲ್ಲಿ ಮೃದುವಾದ ದಟ್ಟ ಒಳಗೂದಲೂ ಬೇಕು. ಮಣ್ಣು ಮತ್ತು ಎದುರಾಳಿಯ ಹಲ್ಲಿನಿಂದ ಪಾರಾಗಲು ಕಣ್ಣು ಚಿಕ್ಕದಾಗಿ, ಒಳಸೇರಿದಂತಿರಬೇಕು. ಹಲ್ಲು ದೊಡ್ಡದಾಗಿ, ದವಡೆ ಬಲವಾಗಿರಬೇಕು. ಪಾದ ಗುಂಡಗೆ, ಅಂಗಾಲು ದಪ್ಪವಾಗಿರಬೇಕು. ಮಾನದಂಡದ ಬಹುಪಾಲು ಈ ಅಗತ್ಯಗಳ ಪಟ್ಟಿಯೇ ಆಗಿದೆ.

ಆದರೆ ಎಲ್ಲ ಟೆರಿಯರ್‌ಗಳೂ ಒಂದೇ ಅಚ್ಚಿನವಲ್ಲ. ಫಾಕ್ಸ್ ಟೆರಿಯರ್, ಲೇಕ್‌ಲ್ಯಾಂಡ್, ಐರಿಶ್ ಮೊದಲಾದವು ಉದ್ದ ಕಾಲಿನವು. ಸ್ಕಾಟಿಷ್, ಕೇರ್ನ್, ಸೀಲಿಹ್ಯಾಮ್, ನಾರ್ವಿಚ್ ಮೊದಲಾದವು ಗಿಡ್ಡ ಕಾಲಿನವು. ಬುಲ್ ಟೆರಿಯರ್, ಸ್ಟಾಫರ್ಡ್‌ಶೈರ್ ಬುಲ್ ಟೆರಿಯರ್‌ಗಳದು ಬೇರೆಯೇ ಕವಲು; ಅವುಗಳ ಸ್ನಾಯುಬಲದ ಮೈಕಟ್ಟಿಗೆ ಬಿಲದ ಅಳತೆ ಅನ್ವಯಿಸುವುದಿಲ್ಲ. ಯಾರ್ಕ್‌ಶೈರಿನ ಏರ್ ನದಿ ಕಣಿವೆಯಲ್ಲಿ ರೂಪುಗೊಂಡ ಏರ್‌ಡೇಲ್ ಟೆರಿಯರ್ ಸುಮಾರು 58ರಿಂದ 61 ಸೆಂಟಿಮೀಟರ್ ಎತ್ತರವಿದ್ದು ಯಾವ ನರಿಬಿಲಕ್ಕೂ ಹಿಡಿಸುವುದಿಲ್ಲ. ಆದುದರಿಂದ ಆಯಾ ತಳಿಯ ಕೆಲಸ ಯಾವುದಾಗಿತ್ತೆಂಬುದನ್ನು ಮೊದಲು ಅರಿಯುವುದು ತೀರ್ಪುಗಾರನ ಕರ್ತವ್ಯ.

ಲಿಖಿತ ಮಾನದಂಡ

ಪ್ರತಿ ತಳಿಗೂ ಒಂದು ಮಾನದಂಡವಿರುತ್ತದೆ. ಒಟ್ಟಾರೆ ರೂಪ, ಸ್ವಭಾವ, ತಲೆ, ಕಣ್ಣು, ಕಿವಿ, ಬಾಯಿ, ಕುತ್ತಿಗೆ, ಮುಂಗಾಲು, ದೇಹ, ಹಿಂಗಾಲು, ಪಾದ, ಬಾಲ, ನಡಿಗೆ, ಕೂದಲು, ಬಣ್ಣ, ಗಾತ್ರ ಎಂಬ ಕ್ರಮದಲ್ಲಿ ಅದು ಸಾಗುತ್ತದೆ. ಅಂಕಿಗಳಿರುವ ಜಾಗ ಕಡಿಮೆ. ವೈರ್ ಫಾಕ್ಸ್ ಟೆರಿಯರ್ ಗಂಡುನಾಯಿಯ ಎತ್ತರ ಭುಜದ ಬಳಿ 39 ಸೆಂಟಿಮೀಟರ್ ಮೀರಬಾರದು. ಬಾರ್ಡರ್ ಟೆರಿಯರ್ ಗಂಡಿನ ತೂಕ 5.9ರಿಂದ 7.1 ಕಿಲೋಗ್ರಾಂ. ಜಾಕ್ ರಸೆಲ್ ಟೆರಿಯರ್‌ನ ಎತ್ತರ 25ರಿಂದ 30 ಸೆಂಟಿಮೀಟರ್. ಪ್ರತಿ 5 ಸೆಂಟಿಮೀಟರ್ ಎತ್ತರಕ್ಕೆ 1 ಕಿಲೋಗ್ರಾಂ ತೂಕ. ಉಳಿದದ್ದು ಮಾತಿನಲ್ಲಿದೆ. ಬಾರ್ಡರ್ ಟೆರಿಯರ್‌ನ ತಲೆ ನೀರುನಾಯಿಯ ತಲೆಯಂತಿರಬೇಕು ಎಂದು ಮಾನದಂಡ ಹೇಳುತ್ತದೆ. ಇದನ್ನು ಅಳತೆಪಟ್ಟಿಯಿಂದ ಅಳೆಯಲು ಬರುವುದಿಲ್ಲ. ನೂರಾರು ನಾಯಿಗಳನ್ನು ನೋಡಿದ ಕಣ್ಣಿಗೆ ಮಾತ್ರ ಅದು ತಿಳಿಯುತ್ತದೆ.

ಬ್ರಿಟಿಷ್ ಮಾನದಂಡಗಳ ಕೊನೆಯಲ್ಲಿ ದೋಷಗಳ ಬಗ್ಗೆ ಒಂದು ಸಾಮಾನ್ಯ ನಿಯಮವಿದೆ. ಹೇಳಿದ ಅಂಶಗಳಿಂದ ಯಾವುದೇ ವ್ಯತ್ಯಾಸವೂ ದೋಷವೇ. ಆದರೆ ಅದನ್ನು ಎಷ್ಟು ಗಂಭೀರವಾಗಿ ಪರಿಗಣಿಸಬೇಕೆಂಬುದು ವ್ಯತ್ಯಾಸದ ಪ್ರಮಾಣವನ್ನೂ, ನಾಯಿಯ ಆರೋಗ್ಯದ ಮೇಲೆ ಮತ್ತು ಅದರ ಸಾಂಪ್ರದಾಯಿಕ ಕೆಲಸದ ಸಾಮರ್ಥ್ಯದ ಮೇಲೆ ಅದು ಬೀರುವ ಪರಿಣಾಮವನ್ನೂ ಅವಲಂಬಿಸುತ್ತದೆ ಎಂಬುದು ಅದರ ತಾತ್ಪರ್ಯ. ತೀರ್ಪುಗಾರನ ತಕ್ಕಡಿಗೆ ಇದೇ ಮುಳ್ಳು. ಕಿವಿಯ ಮಡಿಕೆ ತುಸು ಮೇಲಿದ್ದರೆ ಅದು ಸಣ್ಣ ದೋಷ. ಎದೆಗೂಡು ಪೀಪಾಯಿಯಂತೆ ಉಬ್ಬಿದ್ದರೆ ಅದು ದೊಡ್ಡ ದೋಷ. ಮೊದಲನೆಯದರಿಂದ ಕೆಲಸ ಕೆಡುವುದಿಲ್ಲ. ಎರಡನೆಯದಿದ್ದ ನಾಯಿ ಬಿಲದಲ್ಲಿ ಸಿಕ್ಕಿಬೀಳುತ್ತದೆ.

ಮೇಜಿನ ಮೇಲಿನ ಪರೀಕ್ಷೆ

ಸಣ್ಣ ಮತ್ತು ಮಧ್ಯಮ ಗಾತ್ರದ ಟೆರಿಯರ್‌ಗಳನ್ನು ಮೇಜಿನ ಮೇಲೆ ನಿಲ್ಲಿಸಿ ಪರೀಕ್ಷಿಸಲಾಗುತ್ತದೆ. ಏರ್‌ಡೇಲ್‌ನಂತಹ ದೊಡ್ಡ ನಾಯಿಯನ್ನು ನೆಲದ ಮೇಲೆಯೇ ನೋಡುತ್ತಾರೆ. ಮೊದಲು ತರಗತಿಯ ಎಲ್ಲ ನಾಯಿಗಳನ್ನೂ ಸಾಲಾಗಿ ನಿಲ್ಲಿಸಿ, ಒಂದು ಸುತ್ತು ನಡೆಸಿ, ದೂರದಿಂದ ಒಟ್ಟು ಆಕಾರವನ್ನು ಗಮನಿಸುವುದು ವಾಡಿಕೆ. ನಂತರ ಒಂದೊಂದಾಗಿ ಮೇಜಿಗೆ ಬರುತ್ತವೆ. ನಾಯಿಯನ್ನು ಹಿಡಿದವರ ಹೆಸರಾಗಲಿ, ನಾಯಿಯ ವಂಶಾವಳಿಯಾಗಲಿ ತೀರ್ಪುಗಾರನ ಕೈಯಲ್ಲಿರುವುದಿಲ್ಲ. ಹಿಡಿದವರ ಉಡುಪಿನ ಮೇಲೆ ಕಾಣುವ ಸಂಖ್ಯೆಯೇ ಗುರುತು.

ಪರೀಕ್ಷೆ ತಲೆಯಿಂದ ಆರಂಭವಾಗುತ್ತದೆ. ತಲೆಬುರುಡೆಯ ಅಗಲ, ಮೂತಿಯ ಉದ್ದ, ಕಣ್ಣಿನ ಬಣ್ಣ ಮತ್ತು ಆಕಾರ, ಕಿವಿ ಮಡಿದಿರುವ ರೀತಿ ಇವುಗಳನ್ನು ನೋಡಿದ ಮೇಲೆ ತುಟಿಯನ್ನು ಮೆಲ್ಲನೆ ಎತ್ತಿ ಹಲ್ಲುಗಳನ್ನು ಪರಿಶೀಲಿಸುತ್ತಾರೆ. ಮೇಲಿನ ಸಾಲಿನ ಮುಂಭಾಗದ ಹಲ್ಲುಗಳು ಕೆಳಗಿನವುಗಳ ಮೇಲೆ ಕತ್ತರಿಯ ಅಲಗುಗಳಂತೆ ಒತ್ತಾಗಿ ಕೂರಬೇಕು. ಅನಂತರ ಕೈ ಕುತ್ತಿಗೆಯಿಂದ ಹೆಗಲಿಗೆ ಇಳಿಯುತ್ತದೆ. ಹೆಗಲಿನ ಎಲುಬು ಹಿಂದಕ್ಕೆ ಓರೆಯಾಗಿ ಕೂತಿದ್ದರೆ ಮುಂಗಾಲಿಗೆ ಚಾಚು ದೊರೆಯುತ್ತದೆ. ನೆಟ್ಟಗಿದ್ದರೆ ಹೆಜ್ಜೆ ಮೊಟಕಾಗುತ್ತದೆ. ದಟ್ಟವಾದ ಕೂದಲಿನಡಿ ಇದು ಕಣ್ಣಿಗೆ ಕಾಣುವುದಿಲ್ಲ. ಬೆರಳಿಗೆ ಮಾತ್ರ ಸಿಗುತ್ತದೆ.

ಮುಂದಿನದು ಟೆರಿಯರ್ ಪರೀಕ್ಷೆಯ ವಿಶೇಷ ಹಂತ. ತೀರ್ಪುಗಾರನು ನಾಯಿಯ ಮುಂಗಾಲುಗಳ ಹಿಂದೆ ಎರಡೂ ಕೈಗಳಿಂದ ಎದೆಗೂಡನ್ನು ಬಳಸಿ ಹಿಡಿಯುತ್ತಾನೆ. ಹೆಬ್ಬೆರಳುಗಳು ಬೆನ್ನಿನ ಮೇಲೆ, ಉಳಿದ ಬೆರಳುಗಳು ಎದೆಯ ಕೆಳಗೆ ಒಂದನ್ನೊಂದು ಮುಟ್ಟುವಂತಿದ್ದರೆ ಎದೆಯ ಅಳತೆ ಸರಿಯಿದೆಯೆಂದು ಅರ್ಥ. ಇದಕ್ಕೆ ‘ಸ್ಪ್ಯಾನಿಂಗ್’ ಎನ್ನುತ್ತಾರೆ. ಬಾರ್ಡರ್, ಪಾರ್ಸನ್ ರಸೆಲ್ ಮತ್ತು ಜಾಕ್ ರಸೆಲ್ ಟೆರಿಯರ್‌ಗಳ ಮಾನದಂಡದಲ್ಲಿಯೇ ಇದರ ಉಲ್ಲೇಖವಿದೆ. ಜಾಕ್ ರಸೆಲ್‌ಗೆ ಎದೆಯ ಸುತ್ತಳತೆ 40ರಿಂದ 43 ಸೆಂಟಿಮೀಟರ್ ಎಂದು ಅಂಕಿಯನ್ನೂ ಕೊಡಲಾಗಿದೆ. ಅಂಕಿಯಿದ್ದರೂ ಕೈಯಿಂದಲೇ ಹಿಡಿಯುವುದೇಕೆ? ಎದೆಗೂಡು ಎಷ್ಟು ದೊಡ್ಡದು ಎಂಬುದಷ್ಟೇ ಅಲ್ಲ, ಒತ್ತಿದಾಗ ಅದು ಎಷ್ಟು ಬಾಗುತ್ತದೆ ಎಂಬುದೂ ಮುಖ್ಯ. ಬಿಲದ ಇಕ್ಕಟ್ಟಿನಲ್ಲಿ ಪಕ್ಕೆಲುಬುಗಳು ತುಸು ಮಣಿಯಬೇಕಾಗುತ್ತದೆ. ಅಳತೆಪಟ್ಟಿ ಇದನ್ನು ಹೇಳಲಾರದು.

ಬಳಿಕ ಬೆನ್ನು, ಸೊಂಟ, ತೊಡೆಗಳನ್ನು ಮುಟ್ಟಿ ನೋಡಲಾಗುತ್ತದೆ. ಗಂಡುನಾಯಿಗಳಲ್ಲಿ ಎರಡೂ ವೃಷಣಗಳು ಸಹಜವಾಗಿ ಇಳಿದಿವೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಬಾಲ ಬುಡದಲ್ಲಿ ಗಟ್ಟಿಯಾಗಿರಬೇಕು. ಬಿಲದಲ್ಲಿ ಸಿಕ್ಕಿಕೊಂಡ ನಾಯಿಯನ್ನು ಕೆಲವೊಮ್ಮೆ ಬಾಲ ಹಿಡಿದೇ ಹೊರಗೆಳೆಯುತ್ತಿದ್ದರು. ಇಡೀ ಪರೀಕ್ಷೆಗೆ ಪ್ರತಿ ನಾಯಿಗೂ ದೊರೆಯುವುದು ಕೆಲವೇ ನಿಮಿಷ.

ಕೂದಲು: ಹೊಳಪೂ ಹುರುಳೂ

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಟೆರಿಯರ್‌ಗಳ ಕೂದಲಿಗೆ ಚೆನ್ನಾಗಿ ಒಪ್ಪುತ್ತದೆ. ತಂತಿಯಂತಹ ಒರಟು ಕೂದಲಿನ ತಳಿಗಳಲ್ಲಿ ಬಲಿತ ಹೊರಗೂದಲನ್ನು ಬೆರಳಿನಿಂದ ಅಥವಾ ಸಣ್ಣ ಸಾಧನದಿಂದ ಕಿತ್ತು ತೆಗೆಯುವುದು ಸಾಂಪ್ರದಾಯಿಕ ವಿಧಾನ. ಇದಕ್ಕೆ ಗಂಟೆಗಟ್ಟಲೆ ಶ್ರಮ ಬೇಕು. ಯಂತ್ರದಿಂದ ಕತ್ತರಿಸಿದರೆ ಕೆಲಸ ಬೇಗ ಮುಗಿಯುತ್ತದೆ. ಆದರೆ ಹಲವು ನಾಯಿಗಳಲ್ಲಿ ಕಾಲಕ್ರಮೇಣ ಕೂದಲು ಮೃದುವಾಗಿ ಬಣ್ಣ ಮಂಕಾಗುತ್ತದೆ. ಇಂತಹ ಕೂದಲು ನೀರನ್ನು ತಡೆಯದು. ತೀರ್ಪುಗಾರನು ಬೆನ್ನಿನ ಕೂದಲನ್ನು ಬೆರಳುಗಳ ನಡುವೆ ಉಜ್ಜಿ, ಬೇರ್ಪಡಿಸಿ ಒಳಗೂದಲನ್ನು ನೋಡುತ್ತಾನೆ.

ಕೌಶಲವುಳ್ಳವರು ಕತ್ತರಿಸುವಿಕೆಯ ಚಾತುರ್ಯದಿಂದ ಉದ್ದನೆಯ ಬೆನ್ನನ್ನು ಗಿಡ್ಡವಾಗಿಯೂ, ಬಾಗಿದ ಮುಂಗಾಲನ್ನು ನೇರವಾಗಿಯೂ ಕಾಣಿಸಬಲ್ಲರು. ಕಾಲಿನ ಕೂದಲಿನ ಆಕಾರವೇ ಎಲುಬಿನ ಆಕಾರವೆಂದು ಕಣ್ಣು ಮೋಸಹೋಗುತ್ತದೆ. ಕೂದಲಿನ ಸಹಜ ಬಣ್ಣವನ್ನಾಗಲಿ, ಒರಟುತನವನ್ನಾಗಲಿ ಬದಲಿಸುವ ಯಾವ ಪದಾರ್ಥವೂ ಪ್ರದರ್ಶನದ ವೇಳೆ ಮೈಮೇಲೆ ಇರಬಾರದೆಂಬ ನಿಯಮವಿದೆ. ಕತ್ತರಿಯ ಚಮತ್ಕಾರಕ್ಕೆ ಮಾತ್ರ ನಿಯಮದ ತಡೆ ಕಡಿಮೆ. ಅಲ್ಲಿ ಕೈಯ ಸ್ಪರ್ಶವೇ ಕಾವಲು. ಆಕರ್ಷಕ ಪೊಟ್ಟಣದೊಳಗಿನ ಸರಕನ್ನು ಬಿಚ್ಚಿ ನೋಡಿದಂತೆ ತೀರ್ಪುಗಾರನು ಕೂದಲಿನ ಕೆಳಗಿನ ನಾಯಿಯನ್ನು ಹುಡುಕಬೇಕಾಗುತ್ತದೆ.

ನಡಿಗೆ ಮತ್ತು ಸ್ವಭಾವ

ಮೇಜಿನ ಮೇಲೆ ಕಂಡದ್ದನ್ನು ನಡಿಗೆ ದೃಢಪಡಿಸಬೇಕು ಇಲ್ಲವೇ ಅಲ್ಲಗಳೆಯಬೇಕು. ನಾಯಿಯನ್ನು ತ್ರಿಕೋನಾಕಾರದಲ್ಲಿಯೂ, ನೇರವಾಗಿ ದೂರ ಹೋಗಿ ಹಿಂದಿರುಗುವಂತೆಯೂ ನಡೆಸುತ್ತಾರೆ. ದೂರ ಹೋಗುವಾಗ ಹಿಂಗಾಲುಗಳ ತಳ್ಳುವ ಶಕ್ತಿ, ಎದುರು ಬರುವಾಗ ಮುಂಗಾಲುಗಳ ನೇರತನ, ಪಕ್ಕದಿಂದ ನೋಡುವಾಗ ಹೆಜ್ಜೆಯ ಚಾಚು ಹಾಗೂ ಬೆನ್ನಿನ ಸ್ಥಿರತೆ ಕಾಣುತ್ತವೆ. ಫಾಕ್ಸ್ ಟೆರಿಯರ್‌ನ ಕಾಲುಗಳು ನೇರವಾಗಿ ಮುಂದಕ್ಕೆ, ಒಂದಕ್ಕೊಂದು ಸಮಾನಾಂತರವಾಗಿ ಚಲಿಸಬೇಕು. ಮೊಣಕೈ ಹೊರಚಾಚಿದರೆ ಅಥವಾ ಪಾದಗಳು ಒಳಗೆ ಹೆಣೆದುಕೊಂಡರೆ ರಚನೆಯಲ್ಲಿ ಎಲ್ಲೋ ತಪ್ಪಿದೆಯೆಂದೇ ಅರ್ಥ.

ಸ್ವಭಾವದ ಪರೀಕ್ಷೆ ಸೂಕ್ಷ್ಮವಾದುದು. ಟೆರಿಯರ್ ಎಚ್ಚರದಿಂದ, ಧೈರ್ಯದಿಂದ ತಲೆಯೆತ್ತಿ ನಿಲ್ಲಬೇಕು. ಅಂಜಿ ಮುದುಡುವ ನಾಯಿ ಬಿಲಕ್ಕೆ ಇಳಿಯದು. ಕೆಲವು ತಳಿಗಳಲ್ಲಿ, ಮುಖ್ಯವಾಗಿ ಅಮೆರಿಕದಲ್ಲಿ, ಎರಡು ಮೂರು ನಾಯಿಗಳನ್ನು ಸುರಕ್ಷಿತ ಅಂತರದಲ್ಲಿ ಎದುರುಬದುರು ತಂದು ಅವುಗಳ ನಿಲುವನ್ನು ನೋಡುವ ಪದ್ಧತಿಯಿದೆ. ಅಲ್ಲಿ ಬಯಸುವುದು ಜಗಳವನ್ನಲ್ಲ, ಆತ್ಮವಿಶ್ವಾಸವನ್ನು. ಮನುಷ್ಯರ ಮೇಲೆ ಹಲ್ಲು ಮಸೆಯುವ ನಾಯಿಗೆ ಎಷ್ಟೇ ರೂಪವಿದ್ದರೂ ಸ್ಥಾನವಿಲ್ಲ.

ಗುಣದೋಷಗಳ ತೂಕ

ಉದಾಹರಣೆಗಾಗಿ ಅಂತಿಮ ಸುತ್ತಿಗೆ ಮೂರು ವೈರ್ ಫಾಕ್ಸ್ ಟೆರಿಯರ್‌ಗಳು ಉಳಿದಿವೆಯೆಂದು ಭಾವಿಸೋಣ. ಮೊದಲನೆಯದರ ತಲೆ ಚಿತ್ರದಂತಿದೆ, ಅಲಂಕಾರ ನಿರ್ದುಷ್ಟ. ಆದರೆ ಹೆಗಲು ನೆಟ್ಟಗಿದ್ದು ಹೆಜ್ಜೆ ಮೊಟಕು. ಎರಡನೆಯದರ ಮೈಕಟ್ಟು, ಎದೆ, ನಡಿಗೆ ಎಲ್ಲವೂ ಸರಿ; ತಲೆ ಮಾತ್ರ ತುಸು ಸಾಧಾರಣ, ಒಂದು ಕಿವಿ ಸ್ವಲ್ಪ ಭಾರ. ಮೂರನೆಯದರಲ್ಲಿ ಎದ್ದು ಕಾಣುವ ದೋಷವಿಲ್ಲ, ಎದ್ದು ಕಾಣುವ ಗುಣವೂ ಇಲ್ಲ. ಕೇವಲ ದೋಷಗಳನ್ನು ಎಣಿಸುವವನು ಮೂರನೆಯದಕ್ಕೆ ಪ್ರಥಮ ಸ್ಥಾನ ಕೊಡುತ್ತಾನೆ. ಕಣ್ಣಿಗೆ ಸೋಲುವವನು ಮೊದಲನೆಯದಕ್ಕೆ ಕೊಡುತ್ತಾನೆ. ಮಾನದಂಡದ ಉದ್ದೇಶವನ್ನು ಬಲ್ಲವನು ಎರಡನೆಯದನ್ನು ಆರಿಸುತ್ತಾನೆ. ಏಕೆಂದರೆ ಅದರ ಗುಣಗಳು ಕೆಲಸಕ್ಕೆ ಸಂಬಂಧಿಸಿದವು, ದೋಷಗಳು ಕೆಲಸಕ್ಕೆ ಅಡ್ಡಿಯಾಗದವು.

ಬ್ರಿಟನ್ನಿನಲ್ಲಿ ಗಂಡು ಹೆಣ್ಣುಗಳನ್ನು ಪ್ರತ್ಯೇಕವಾಗಿ ಪರೀಕ್ಷಿಸಿ, ವಯಸ್ಸು ಮತ್ತು ಹಿಂದಿನ ಗೆಲುವಿಗನುಗುಣವಾದ ತರಗತಿಗಳ ವಿಜೇತರಲ್ಲಿ ಶ್ರೇಷ್ಠವಾದುದಕ್ಕೆ ಚಾಲೆಂಜ್ ಸರ್ಟಿಫಿಕೇಟ್ ನೀಡುತ್ತಾರೆ. ಮೂವರು ಬೇರೆ ಬೇರೆ ತೀರ್ಪುಗಾರರಿಂದ ಇಂತಹ ಮೂರು ಪ್ರಮಾಣಪತ್ರ ಪಡೆದ ನಾಯಿ ಚಾಂಪಿಯನ್ ಆಗುತ್ತದೆ. ಒಬ್ಬನ ಅಭಿರುಚಿ ಅಂತಿಮವಾಗದಿರಲೆಂಬುದೇ ಇದರ ಉದ್ದೇಶ. ಯಾವ ನಾಯಿಯೂ ಅರ್ಹವಲ್ಲವೆನಿಸಿದರೆ ಪ್ರಮಾಣಪತ್ರವನ್ನು ತಡೆಹಿಡಿಯುವ ಅಧಿಕಾರವೂ ತೀರ್ಪುಗಾರನಿಗಿದೆ. ತನ್ನ ನಿರ್ಣಯದ ಕಾರಣಗಳನ್ನು ಆತ ಬರೆದು ಪ್ರಕಟಿಸಬೇಕೆಂಬ ಸಂಪ್ರದಾಯವೂ ಇದೆ. ಪರಿಚಿತರ ಮುಖ ನೋಡಿ ಮಣೆ ಹಾಕುವ ಪ್ರವೃತ್ತಿಗೆ ಇವು ಸ್ವಲ್ಪಮಟ್ಟಿನ ತಡೆ.

ತಳಿಯ ವಿಜೇತರು ಮುಂದೆ ವರ್ಗದ ಸುತ್ತಿಗೆ ಹೋಗುತ್ತಾರೆ. ಅಲ್ಲಿ ಸ್ಕಾಟಿಷ್ ಟೆರಿಯರ್ ಮತ್ತು ಏರ್‌ಡೇಲ್ ಪಕ್ಕಪಕ್ಕದಲ್ಲಿ ನಿಂತಿರುತ್ತವೆ. ಇವೆರಡನ್ನು ನೇರವಾಗಿ ಹೋಲಿಸಲಾಗದು. ಯಾವುದು ತನ್ನದೇ ಮಾನದಂಡಕ್ಕೆ ಹೆಚ್ಚು ಹತ್ತಿರವಿದೆಯೆಂಬುದೇ ಪ್ರಶ್ನೆ. ಮಾನದಂಡ ಗಟ್ಟಿಯಾಗಿದ್ದರೆ ಬೇರೆ ಬೇರೆ ಕೈಗಳೂ ಒಂದೇ ಉತ್ತರಕ್ಕೆ ಬರಬಲ್ಲವು. ಸ್ಟಿಂಗ್‌ರೇ ಎಂಬ ಲೇಕ್‌ಲ್ಯಾಂಡ್ ಟೆರಿಯರ್ 1967ರಲ್ಲಿ ಕ್ರಫ್ಟ್ಸ್‌ನಲ್ಲಿಯೂ 1968ರಲ್ಲಿ ನ್ಯೂಯಾರ್ಕಿನ ವೆಸ್ಟ್‌ಮಿನ್‌ಸ್ಟರ್ ಪ್ರದರ್ಶನದಲ್ಲಿಯೂ ಸರ್ವಶ್ರೇಷ್ಠ ಸ್ಥಾನ ಪಡೆಯಿತು. ವೆಸ್ಟ್‌ಮಿನ್‌ಸ್ಟರ್‌ನಲ್ಲಿ 1907ರಲ್ಲಿ ಸರ್ವಶ್ರೇಷ್ಠ ಪ್ರಶಸ್ತಿ ಆರಂಭವಾದಾಗ ಮೊದಲ ಮೂರು ವರ್ಷವೂ ಗೆದ್ದದ್ದು ಒಂದೇ ಸ್ಮೂತ್ ಫಾಕ್ಸ್ ಟೆರಿಯರ್. ವೈರ್ ಫಾಕ್ಸ್ ಟೆರಿಯರ್ ತಳಿ 2019ರವರೆಗೆ ಅಲ್ಲಿ 15 ಬಾರಿ ಗೆದ್ದಿದೆ.

ಒಂದು ತೀರ್ಪಿನ ದೂರಗಾಮಿ ಪರಿಣಾಮ

ಪ್ರಶಸ್ತಿಯ ಬೆಲೆ ಆ ದಿನದ ರಿಬ್ಬನ್‌ಗೆ ಸೀಮಿತವಲ್ಲ. ಗೆದ್ದ ಗಂಡುನಾಯಿಗೆ ಸಂತಾನೋತ್ಪತ್ತಿಗಾಗಿ ಬೇಡಿಕೆ ಏರುತ್ತದೆ. ಅದರ ಮರಿಗಳಿಗೆ ಬೆಲೆ ಬರುತ್ತದೆ. ಹಾಗಾಗಿ ತೀರ್ಪುಗಾರನು ಇಂದು ಮೆಚ್ಚಿದ ಗುಣ ನಾಳೆ ನೂರಾರು ಮರಿಗಳಲ್ಲಿ ಕಾಣಿಸಿಕೊಳ್ಳುತ್ತದೆ, ಕಡೆಗಣಿಸಿದ ದೋಷವೂ ಅಷ್ಟೇ. ಕಾರ್ಖಾನೆಯಲ್ಲಿ ತಪ್ಪು ಮಾದರಿಯನ್ನು ಒಪ್ಪಿಬಿಟ್ಟರೆ ಆ ತಪ್ಪು ಇಡೀ ತಂಡದ ಸರಕಿಗೆ ಹರಡುವಂತೆಯೇ ಇದು. ವ್ಯತ್ಯಾಸವೇನೆಂದರೆ ಕೆಟ್ಟ ಸರಕನ್ನು ಹಿಂದಕ್ಕೆ ಕರೆಸಿಕೊಳ್ಳಬಹುದು. ಹುಟ್ಟಿದ ನಾಯಿ ಆ ದೋಷವನ್ನು ಜೀವಮಾನವಿಡೀ ಹೊರಬೇಕು.

ಅತಿಯಾದರೆ ಅಮೃತವೂ ವಿಷ. ಮೂತಿ ಉದ್ದವಿರಲಿ ಎಂದು ಮಾನದಂಡ ಹೇಳಿದರೆ ಇನ್ನೂ ಉದ್ದ, ಕೂದಲು ಸಮೃದ್ಧವಿರಲಿ ಎಂದರೆ ಇನ್ನೂ ಸಮೃದ್ಧ ಎಂಬ ಪೈಪೋಟಿ ಆರಂಭವಾಗುತ್ತದೆ. 2008ರಲ್ಲಿ ಬಿಬಿಸಿ ಪ್ರಸಾರ ಮಾಡಿದ ಸಾಕ್ಷ್ಯಚಿತ್ರವೊಂದು ಪ್ರದರ್ಶನ ತಳಿಗಳ ಅನಾರೋಗ್ಯವನ್ನು ಜಗತ್ತಿನ ಮುಂದಿಟ್ಟಿತು. ಕೆನಲ್ ಕ್ಲಬ್ 2009ರಲ್ಲಿ ಮಾನದಂಡಗಳನ್ನು ಪರಿಷ್ಕರಿಸಿತು. 2012ರ ಕ್ರಫ್ಟ್ಸ್‌ನಲ್ಲಿ ಅಪಾಯದ ಪಟ್ಟಿಯಲ್ಲಿದ್ದ 15 ತಳಿಗಳ ವಿಜೇತರಿಗೆ ಪಶುವೈದ್ಯರ ತಪಾಸಣೆ ಕಡ್ಡಾಯವಾಗಿ, 6 ತಳಿಗಳ ವಿಜೇತರು ಅನುತ್ತೀರ್ಣರಾದರು. ಆ 15ರಲ್ಲಿ ಟೆರಿಯರ್ ವರ್ಗದ ಒಂದು ತಳಿಯೂ ಇರಲಿಲ್ಲ ಎಂಬುದು ಗಮನಾರ್ಹ. ಕೆಲಸವನ್ನು ನೆನಪಿನಲ್ಲಿಟ್ಟ ಮಾನದಂಡ ಅತಿರೇಕವನ್ನು ತಡೆಯುತ್ತದೆ ಎಂಬುದಕ್ಕೆ ಇದನ್ನು ಒಂದು ಸೂಚನೆಯೆಂದು ಪರಿಗಣಿಸಬಹುದು.

ಆದರೂ ಟೆರಿಯರ್‌ಗಳಿಗೆ ಬೇರೆ ಆತಂಕಗಳಿವೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2005ರಲ್ಲಿ ಜಾರಿಗೆ ಬಂದ ಕಾಯಿದೆಯಿಂದ ಸಾಂಪ್ರದಾಯಿಕ ನರಿಬೇಟೆ ನಿಂತಿತು. ಬಾಲ ಕತ್ತರಿಸುವ ಹಳೆಯ ರೂಢಿಗೆ 2007ರಲ್ಲಿ ನಿರ್ಬಂಧ ಬಂದು, ಉದ್ದ ಬಾಲದ ಫಾಕ್ಸ್ ಟೆರಿಯರ್‌ಗಳ ಸಮತೋಲನವನ್ನು ತೀರ್ಪುಗಾರರು ಹೊಸದಾಗಿ ಅಭ್ಯಾಸ ಮಾಡಬೇಕಾಯಿತು. ಸ್ಕೈ, ಡ್ಯಾಂಡಿ ಡಿನ್ಮಾಂಟ್, ಸೀಲಿಹ್ಯಾಮ್ ಟೆರಿಯರ್‌ಗಳಂತಹ ತಳಿಗಳಲ್ಲಿ ವರ್ಷಕ್ಕೆ ನೋಂದಣಿಯಾಗುವ ಮರಿಗಳು 300ಕ್ಕೂ ಕಡಿಮೆಯಾಗಿ ಅವು ಅಳಿವಿನಂಚಿನ ಸ್ವದೇಶಿ ತಳಿಗಳ ಪಟ್ಟಿ ಸೇರಿವೆ. ಕೆಲಸ ನಿಂತುಹೋದ ಮೇಲೆ ಆ ಕೆಲಸದ ನೆನಪನ್ನು ಉಳಿಸುವುದು ಮಾನದಂಡ ಮತ್ತು ಅದನ್ನು ಅರಿತ ತೀರ್ಪುಗಾರರು ಮಾತ್ರ.

ಕೈಗೆ ಎಟುಕದ ದೋಷಗಳು

ನುರಿತ ಕೈಗೂ ಮಿತಿಯಿದೆ. ಕಣ್ಣಿನ ಮಸೂರ ಜಾರಿ ಕುರುಡುತನ ತರುವ ಆನುವಂಶಿಕ ಕಾಯಿಲೆಯೊಂದು ಹಲವು ಟೆರಿಯರ್ ತಳಿಗಳಲ್ಲಿದೆ. ಯೌವನದಲ್ಲಿ ಗೆಲ್ಲುವ ನಾಯಿಯಲ್ಲಿ ಅದರ ಕುರುಹೂ ಇಲ್ಲದಿರಬಹುದು. ಬಿಳಿಯ ಬುಲ್ ಟೆರಿಯರ್‌ಗಳಲ್ಲಿ ಕಿವುಡುತನ, ವೆಸ್ಟ್ ಹೈಲ್ಯಾಂಡ್ ವೈಟ್ ಟೆರಿಯರ್‌ಗಳಲ್ಲಿ ಚರ್ಮದ ಅಲರ್ಜಿ ಕಾಣಿಸಿಕೊಳ್ಳುವುದುಂಟು. ಮಸೂರದ ಕಾಯಿಲೆಗೆ ಡಿಎನ್‌ಎ ಪರೀಕ್ಷೆಯೂ, ಕಿವುಡುತನಕ್ಕೆ ವಿದ್ಯುನ್ಮಾನ ಶ್ರವಣ ಪರೀಕ್ಷೆಯೂ ಲಭ್ಯವಿವೆ. ಚಾಂಪಿಯನ್ ಎಂಬ ಬಿರುದು ದೇಹರಚನೆಗೆ ದೊರೆತ ಪ್ರಮಾಣಪತ್ರವೇ ಹೊರತು ಆರೋಗ್ಯದ ಖಾತರಿಯಲ್ಲ. ಕೊಳ್ಳುವವರು ಈ ಎರಡನ್ನೂ ಬೇರೆ ಬೇರೆಯಾಗಿ ಕೇಳಬೇಕು.

ನಮ್ಮಲ್ಲಿಯ ಸ್ಥಿತಿ

ಭಾರತದಲ್ಲಿ ವಂಶಾವಳಿಯ ನೋಂದಣಿ ಹಾಗೂ ಪ್ರದರ್ಶನಗಳ ಹೊಣೆಯನ್ನು 1896ರಲ್ಲಿ ಆರಂಭವಾದ, ಚೆನ್ನೈಯಲ್ಲಿ ಕೇಂದ್ರ ಕಚೇರಿಯಿರುವ ಕೆನಲ್ ಕ್ಲಬ್ ಆಫ್ ಇಂಡಿಯಾ ನಿರ್ವಹಿಸುತ್ತಿದೆ. ನಾಯಿ ತಳಿ ಅಭಿವೃದ್ಧಿ ಮತ್ತು ಮಾರಾಟಕ್ಕೆ ಸಂಬಂಧಿಸಿದ ಕೇಂದ್ರದ 2017ರ ನಿಯಮಗಳಂತೆ ತಳಿಗಾರರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. 8 ವಾರ ತುಂಬದ ಮರಿಗಳನ್ನು ಮಾರುವಂತಿಲ್ಲ. ಈ ವ್ಯವಹಾರದಲ್ಲಿ ತೊಡಗಿರುವ ವರ್ತಕರು ಇದನ್ನು ಗಮನದಲ್ಲಿರಿಸಿಕೊಳ್ಳುವುದು ಒಳಿತು. ಪಿಟ್ ಬುಲ್ ಟೆರಿಯರ್, ಅಮೆರಿಕನ್ ಸ್ಟಾಫರ್ಡ್‌ಶೈರ್ ಟೆರಿಯರ್ ಮೊದಲಾದ ತಳಿಗಳನ್ನು ನಿಷೇಧಿಸುವಂತೆ ಕೇಂದ್ರವು 2024ರ ಮಾರ್ಚ್‌ನಲ್ಲಿ ಹೊರಡಿಸಿದ ಸುತ್ತೋಲೆಯನ್ನು ಕರ್ನಾಟಕ ಉಚ್ಚ ನ್ಯಾಯಾಲಯವು ಏಪ್ರಿಲ್ ತಿಂಗಳಲ್ಲಿ ರದ್ದುಪಡಿಸಿತು. ಸಂಬಂಧಪಟ್ಟವರ ಅಹವಾಲು ಕೇಳದೆ ಅದನ್ನು ಹೊರಡಿಸಿದ್ದುದು ಇದಕ್ಕೆ ಒಂದು ಕಾರಣ.

ನಮ್ಮ ನಾಡಿನ ಮುಧೋಳ ನಾಯಿಯನ್ನು ಟೆರಿಯರ್‌ನ ಪಕ್ಕದಲ್ಲಿ ನಿಲ್ಲಿಸಿದರೆ ಮಾನದಂಡದ ಮರ್ಮ ಇನ್ನಷ್ಟು ತಿಳಿಯಾಗುತ್ತದೆ. 2005ರಲ್ಲಿ ಅಂಚೆ ಚೀಟಿಯ ಗೌರವ ಪಡೆದ ಈ ತಳಿಯ ಸಂರಕ್ಷಣೆಗಾಗಿ ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರದಲ್ಲಿ ಸಂಶೋಧನಾ ಕೇಂದ್ರವಿದೆ. ಬಯಲಿನಲ್ಲಿ ಮೊಲವನ್ನು ಕಣ್ಣಿನಿಂದ ಕಂಡು ಓಡಿ ಹಿಡಿಯುವ ನಾಯಿಗೆ ಆಳವಾದ ಎದೆ, ಉದ್ದವಾದ ಕಾಲು ಬೇಕು. ಎರಡು ಕೈಗಳಿಗೆ ಸಿಗುವ ಕಿರಿದಾದ ಎದೆ ಟೆರಿಯರ್‌ನಲ್ಲಿ ಗುಣ. ಮುಧೋಳದಲ್ಲಿ ಅದೇ ದೋಷ. ಯಾವ ಅಳತೆಗೂ ಸ್ವಂತ ಬೆಲೆಯಿಲ್ಲ. ಅದರ ಹಿಂದಿರುವ ಕೆಲಸದಿಂದಲೇ ಅದಕ್ಕೆ ಬೆಲೆ.

ನಮ್ಮ ಉದ್ದಿಮೆಗಳಲ್ಲಿಯೂ ಪ್ರತಿ ಸರಕಿಗೂ ಒಂದು ಮಾನಕವಿರುತ್ತದೆ. ಅದರ ಪ್ರತಿ ಸಾಲಿನ ಹಿಂದೆ ಗ್ರಾಹಕನ ಯಾವುದೋ ಒಂದು ಉಪಯೋಗವಿರುತ್ತದೆ. ಆ ಉಪಯೋಗ ಮರೆತಾಗ ಮಾನಕವನ್ನು ಅಕ್ಷರಶಃ ಪಾಲಿಸಿಯೂ ಬಳಕೆಗೆ ಬಾರದ ಸರಕನ್ನು ತಯಾರಿಸಲು ಸಾಧ್ಯ. ಟೆರಿಯರ್ ತೀರ್ಪುಗಾರನು ಎರಡೂ ಕೈಗಳಿಂದ ಎದೆಯನ್ನು ಬಳಸಿ ಹಿಡಿದಾಗ ಅವನ ಮನಸ್ಸಿನಲ್ಲಿರಬೇಕಾದುದು ರಿಬ್ಬನ್ ಅಲ್ಲ, ಬಿಲ. ಗುಣಪರೀಕ್ಷೆಯ ಹೊಣೆ ಹೊತ್ತ ಯಾರೇ ಆಗಲಿ, ಪಟ್ಟಿಯ ಪ್ರತಿ ಅಂಶದೆದುರು ‘ಇದು ಯಾವ ಕೆಲಸಕ್ಕಾಗಿ?’ ಎಂದು ಕೇಳಿಕೊಳ್ಳುವ ಅಭ್ಯಾಸವನ್ನು ಬೆಳೆಸಿಕೊಂಡರೆ ಸರಕಿಗೂ ಸಂಸ್ಥೆಯ ಹೆಸರಿಗೂ ಕ್ಷೇಮ.